‘ಜಾಸ್ತಿ ಹೊತ್ತು ದುಡಿದರೆ ತಪ್ಪೇನು ಸರ್?’

ಲೆಕ್ಕ ಬರೆಯುವ ಕೆಲಸದಲ್ಲಿ ನನಗೆ ಹದಿನೆಂಟು ವರ್ಷವಾಯಿತು. ಈಗೀಗ ಸಂಜೆ ಆರೂವರೆಗೆ ಎದ್ದು ಹೊರಟುಬಿಡುತ್ತೇನೆ. ಅದನ್ನು ನೋಡಿ ಹೊಸದಾಗಿ ಸೇರಿದ ಹುಡುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಸರ್, ಈ ವಯಸ್ಸಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿದರೆ ತಪ್ಪೇನು? ನಮ್ಮ ಅಜ್ಜ, ಅಪ್ಪ ಎಲ್ಲಾ ದುಡೀಲಿಲ್ವಾ?”

ತಪ್ಪು ಅಂತ ನಾನು ಹೇಳುವುದಿಲ್ಲ. ವರ್ಷದ ಲೆಕ್ಕ ಮುಗಿಸುವ ವಾರ ನಾನೂ ರಾತ್ರಿ ಹತ್ತರವರೆಗೆ ಕೂರುತ್ತೇನೆ. ನನ್ನ ತಕರಾರು ಆ ಒಂದು ವಾರದ ಬಗ್ಗೆ ಅಲ್ಲ, ವರ್ಷಪೂರ್ತಿ ಹಾಗೇ ಇರುವುದರ ಬಗ್ಗೆ. ಆ ಹೆಚ್ಚಿನ ಗಂಟೆಗಳು ಸುಮ್ನೆ ಬರುವುದಿಲ್ಲ. ಯಾರದ್ದೋ ಖಾತೆಗೆ ಖರ್ಚು ಬಿದ್ದಿರುತ್ತದೆ.

ಮೊದಲು ಕೆಲಸದ ಮಾತೇ ಆಡೋಣ. ಹಿಂದೆ ಇದ್ದ ಆಫೀಸಿನಲ್ಲಿ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಲೆಕ್ಕ ತಾಳೆಯಾಗಲಿಲ್ಲ. 2,700 ವ್ಯತ್ಯಾಸ. ಒಂದೊಂದೇ ಸಾಲು ಮೇಲಿಂದ ಕೆಳಗೆ ನೋಡಿದೆ, ಕೆಳಗಿಂದ ಮೇಲೆ ನೋಡಿದೆ. ಒಂದೂಕಾಲು ಗಂಟೆ ಹೋಯಿತು, ಸಿಗಲಿಲ್ಲ. ಬೆಳಗ್ಗೆ ಬಂದು ಕೂತೆ, ಎರಡೇ ನಿಮಿಷದಲ್ಲಿ ಸಿಕ್ಕಿತು. 9,600 ಇರಬೇಕಾದ ಕಡೆ 6,900 ಅಂತ ಹಾಕಿದ್ದೆ. ವ್ಯತ್ಯಾಸ ಒಂಬತ್ತರಿಂದ ಪೂರ್ತಿ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು, ಮೊದಲು ಅದನ್ನೇ ನೋಡು ಅಂತ ಈ ಕೆಲಸದಲ್ಲಿ ಇರುವ ಯಾರಿಗಾದರೂ ಗೊತ್ತು. ನಾನೇ ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದೆ. ಆ ರಾತ್ರಿ ಮಾತ್ರ ಅದು ತಲೆಗೇ ಬರಲಿಲ್ಲ. ತಮಾಷೆ ಏನು ಗೊತ್ತಾ? ತಪ್ಪು ಅಂಕಿ ಹಾಕಿದ್ದೂ ಹಿಂದಿನ ರಾತ್ರಿ ಹತ್ತರ ಮೇಲೆಯೇ. ಒಂದು ರಾತ್ರಿ ತಪ್ಪು ಮಾಡಲು ಕೂತಿದ್ದೆ, ಇನ್ನೊಂದು ರಾತ್ರಿ ಅದನ್ನು ಹುಡುಕಲು. ಮೇಲಿನವರು ಎರಡಕ್ಕೂ ಬೆನ್ನು ತಟ್ಟಿದರು!

ಇದು ನನ್ನೊಬ್ಬನ ಮಂಕುತನ ಅಂದುಕೊಂಡಿದ್ದೆ. ಆಮೇಲೆ ಜಾನ್ ಪೆನ್ಕವೆಲ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನದ ಬಗ್ಗೆ ಓದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದವರ ದಾಖಲೆಗಳನ್ನು ಅವರು ಮತ್ತೆ ತೆಗೆದು ನೋಡಿದರು. ದುಡಿದವರಲ್ಲಿ ಹೆಚ್ಚಿನವರು ಹೆಂಗಸರು. ವಾರಕ್ಕೆ 49 ಗಂಟೆಯ ಆಸುಪಾಸಿನವರೆಗೆ ದುಡಿದಷ್ಟೂ ಉತ್ಪಾದನೆ ಏರುತ್ತಿತ್ತು. ಅಲ್ಲಿಂದಾಚೆ ಒಂದೊಂದು ಗಂಟೆಗೂ ಸಿಗುವುದು ಕಡಿಮೆಯಾಗುತ್ತಾ ಹೋಯಿತು. ಕೊನೆಗೆ 70 ಗಂಟೆ ದುಡಿದಾಗ ಬಂದದ್ದಕ್ಕೂ 56 ಗಂಟೆ ದುಡಿದಾಗ ಬಂದದ್ದಕ್ಕೂ ದೊಡ್ಡ ವ್ಯತ್ಯಾಸವೇ ಇರಲಿಲ್ಲ. ಅಂದರೆ ಆ 14 ಗಂಟೆ ನೀರಲ್ಲಿ ಹೋಮ. ಮದ್ದುಗುಂಡು ಎಣಿಸಬಹುದಾದ ವಸ್ತು, ಹಾಗಾಗಿ ಗೊತ್ತಾಯಿತು. ಆಫೀಸಿನಲ್ಲಿ ನಮ್ಮ ಕೆಲಸವನ್ನು ಯಾರು ಎಣಿಸುತ್ತಾರೆ? ಬಾಸ್ ಏಳುವವರೆಗೆ ಏಳಬಾರದು ಅಂತ ಬರೀ ಪರದೆ ನೋಡುತ್ತಾ ಕೂತ ಸಂಜೆಗಳೂ ನನ್ನ ಲೆಕ್ಕದಲ್ಲಿ ದುಡಿಮೆಯೇ ಆಗಿದ್ದವು.

ದೇಹದ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ, ಆದರೂ ಒಂದು ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ ಶೇ. 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಹೀಗೆ ಸತ್ತವರು ಸುಮಾರು 7.45 ಲಕ್ಷ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿವರ. ಸತ್ತವರಲ್ಲಿ ಹೆಚ್ಚಿನವರು 60 ದಾಟಿದವರು, ಹಾಗೆ ದುಡಿದದ್ದು 45ರಿಂದ 74ರ ವಯಸ್ಸಿನ ನಡುವೆ. ಇಪ್ಪತ್ತೈದರ ಹುಡುಗ “ನನಗೇನೂ ಆಗಿಲ್ವಲ್ಲ ಸರ್” ಅಂದಾಗ ನಾನು ಹೇಗೆ ಒಪ್ಪಲಿ? ಆಗಬೇಕಾದದ್ದು ಇನ್ನೂ ದೂರದಲ್ಲಿದೆ, ಅಷ್ಟೇ.

ಇನ್ನು ಅಜ್ಜನ ಮಾತು. ಹಿಂದಿನವರು ದುಡಿದರು, ನಿಜ. ಆದರೆ ದುಡಿದವರೇ ಬೀದಿಗಿಳಿದು “ಸಾಕು” ಅಂದರಲ್ಲ, ಅದನ್ನು ಮರೆತುಬಿಡುತ್ತೇವೆ. 1886ರ ಮೇ 1ರಂದು ಅಮೆರಿಕದಲ್ಲಿ ಲಕ್ಷಗಟ್ಟಲೆ ಕಾರ್ಮಿಕರು ಕೆಲಸ ನಿಲ್ಲಿಸಿದ್ದು ದಿನಕ್ಕೆ ಎಂಟೇ ಗಂಟೆ ದುಡಿಮೆ ಸಾಕು ಅಂತ ಕೇಳಿ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದಾಗ ಅದರ ಮೊಟ್ಟಮೊದಲ ಒಪ್ಪಂದವೇ ಇದರ ಬಗ್ಗೆ: ಕಾರ್ಖಾನೆಗಳಲ್ಲಿ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆ. ಹದಿನಾಲ್ಕು ಗಂಟೆ ದುಡಿದು ಬೆನ್ನು ಬಾಗಿದವರು ಹೊಡೆದಾಡಿ ಗಳಿಸಿದ್ದನ್ನು ನಾವು ಒಂದು ಶಹಬ್ಬಾಸ್‌ಗಿರಿಗೆ ವಾಪಸ್ ಕೊಡುತ್ತಿದ್ದೇವೆ.

ನನಗೆ ಬುದ್ಧಿ ಬಂದದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ. ಒಂದು ಜೊತೆ ಶೂನಿಂದ. ಮಗಳಿಗೆ ಆಗ ಏಳು ವರ್ಷ. ಅವಳ ಹುಟ್ಟುಹಬ್ಬಕ್ಕೆ ಅಂತ ಕೆಲಸದ ಮಧ್ಯೆಯೇ ಫೋನಿನಲ್ಲಿ ಶೂ ಆರ್ಡರ್ ಮಾಡಿದ್ದೆ. ಬಂತು. ಹಾಕಲು ಹೋದರೆ ಹಿಮ್ಮಡಿಯೇ ಒಳಗೆ ಹೋಗುತ್ತಿಲ್ಲ. ಎರಡು ಸೈಜ್ ಚಿಕ್ಕದು. ಹೆಂಡತಿ ಕೈಗೆ ತೆಗೆದುಕೊಂಡು ನೋಡಿ, “ಇದು ಅವಳ ಹೋದ ವರ್ಷದ ಕಾಲು ರೀ” ಅಂದಳು. ಸಿಟ್ಟಿನಲ್ಲಿ ಅಂದಿದ್ದರೆ ವಾದ ಮಾಡುತ್ತಿದ್ದೆ. ಸಿಟ್ಟೇ ಇರಲಿಲ್ಲ.

ಅವತ್ತು ಹೊಳೆಯಿತು. ನಾನು ರಾತ್ರಿ ಹತ್ತರವರೆಗೆ ಆಫೀಸಿನಲ್ಲಿ ಕೂರಲು ಆಗುತ್ತಿದ್ದದ್ದು ಸಂಜೆ ಐದಕ್ಕೇ ಹೆಂಡತಿ ಮನೆಯಲ್ಲಿ ಇರುತ್ತಿದ್ದಳಲ್ಲ, ಅದಕ್ಕೆ. ಜ್ವರ, ಹೋಮ್‌ವರ್ಕ್, ನಮ್ಮಮ್ಮನ ಮಾತ್ರೆ ಎಲ್ಲಾ ಅವಳ ತಲೆಯ ಮೇಲೆ. ನನಗಿಂತ ಚೆನ್ನಾಗಿ ಓದಿದವಳು, ನನಗಿಂತ ಮೊದಲು ಬಡ್ತಿ ಸಿಗಬೇಕಾಗಿದ್ದವಳು. ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರ ಕೆಲಸದ ಒಂದು ಭಾಗ ಇದೇ. ಹೊತ್ತುಗೊತ್ತಿಲ್ಲದೆ ಕರೆದಾಗೆಲ್ಲ ಬರುವವರಿಗೇ ಭಾರಿ ಸಂಬಳ ಕೊಡುವ ಕೆಲಸಗಳಿವೆ. ಅಂಥ ಹೊಟ್ಟೆಬಾಕ ಕೆಲಸ ಹಿಡಿದ ದಂಪತಿಯಲ್ಲಿ ಒಬ್ಬರು ಹಿಂದೆ ಸರಿಯಲೇಬೇಕು. ಸರಿಯುವವಳು ಸಾಮಾನ್ಯವಾಗಿ ಹೆಂಡತಿ. ನಮ್ಮ ಮನೆಯಲ್ಲಿ ಯಾರು ಸರಿಯಬೇಕು ಅನ್ನುವ ಚರ್ಚೆ ಕೂಡ ನಡೆದಿರಲಿಲ್ಲ.

ಎರಡು ಕಡೆ ದುಡಿದರೂ ಬಾಡಿಗೆ ಕಟ್ಟಲು ಸಾಲದವರಿಗೆ ನಾನು ಈ ಮಾತು ಹೇಳಲಾರೆ. ಅವರಿಗೆ ಬೇಕಾದದ್ದು ಸಂಬಳ, ನನ್ನ ಉಪದೇಶ ಅಲ್ಲ. ನನ್ನ ಉತ್ತರ ಏಳಬಹುದಾಗಿದ್ದೂ ಏಳದವರಿಗೆ. ನೀನು ಇಲ್ಲಿ ಕೂತಿರುವ ಈ ಹೊತ್ತಿನಲ್ಲಿ ಮನೆಯಲ್ಲಿ ನಿನ್ನ ಪಾಲಿನ ಕೆಲಸ ಯಾರು ಮಾಡ್ತಿದ್ದಾರೆ, ಅಷ್ಟು ಹೇಳು ಅಂತ ನಾನು ತಿರುಗಿ ಕೇಳುತ್ತೇನೆ. ಮದುವೆಯಾಗದ ಹುಡುಗರು “ಅಮ್ಮ ಇದ್ದಾರಲ್ಲ ಸರ್” ಅನ್ನುತ್ತಾರೆ.

ಆರೂವರೆಗೆ ಹೊರಡಲು ಶುರು ಮಾಡಿದ ಮೇಲೆ ನನಗೆ ಒಂದು ಬಡ್ತಿ ತಪ್ಪಿತು. ಅದನ್ನು ಮುಚ್ಚಿಡುವುದಿಲ್ಲ, ಬೇಜಾರೂ ಆಯಿತು. ಹೆಂಡತಿ ಮತ್ತೆ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಅವಳಿಗೆ ಮೀಟಿಂಗ್ ಇತ್ತು, ಮಗಳಿಗೆ ಶೂ ತರಲು ನಾನೇ ಹೋಗಿದ್ದೆ. ಅಂಗಡಿಯವನು ಸೈಜ್ ಕೇಳಿದಾಗ ತಕ್ಷಣ ಹೇಳಿದೆ.