ಮಡ್ಡಿಯ ಹುಲ್ಲಿನಲ್ಲಿ ಸೆಳೆವಗಳ ರಾತ್ರಿ

ರವಿವಾರ, 15 ಡಿಸೆಂಬರ್ 2024. ಹೊಸ್ತಿಲ ಹುಣ್ಣಿಮೆ.
ವಿಜಯಪುರ ಜಿಲ್ಲೆ, ಡೋಣಿ ಸೀಮೆ.

ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಬಿಳಿಜೋಳ ಹೊಡೆಗೆ ಬಂದಿದೆ, ಕಡಲೆ ಕಾಯಿ ಕಟ್ಟುತ್ತಿದೆ. ಮಾಂಟೆಗು ಸೆಳೆವ (Montagu's harrier) ಎಂಬ ವಲಸೆ ಬೇಟೆಹಕ್ಕಿಗಳು ಹಗಲೆಲ್ಲ ಈ ಬೆಳೆಯ ಮೇಲೆ ಆಳೆತ್ತರದಲ್ಲಿ ತೇಲುತ್ತವೆ. ರೆಕ್ಕೆ ಎರಡನ್ನೂ ಮೇಲಕ್ಕೆತ್ತಿ ಹಿಡಿದು, ಒಂದಿಷ್ಟು ಬಡಿದು ಒಂದಿಷ್ಟು ತೇಲಿ, ಬದುವಿನಗುಂಟ ಹೋಗಿ ತಟ್ಟನೆ ಹೊರಳಿ ಕಾಲು ಚಾಚಿ ಕೆಳಗಿಳಿಯುವುದು ಇವುಗಳ ಬೇಟೆಯ ರೀತಿ. ಮುಖದ ಸುತ್ತ ಗೂಬೆಗಿರುವಂಥ ಗರಿಗಳ ಬಟ್ಟಲಿದೆ. ಬೆಳೆಯೊಳಗೆ ಮಿಡತೆ ಸರಿದಾಡಿದ ಸಪ್ಪಳವನ್ನು ಅದು ಕಿವಿಗೆ ಮುಟ್ಟಿಸುತ್ತದೆ.

ಊರಲ್ಲಿ ಇದಕ್ಕೂ ಗಿಡುಗ ಅಂತಲೇ ಕರೆಯುತ್ತಾರೆ, ಕೋಳಿ ಒಯ್ಯುತ್ತದೆ ಎಂದು ಕಲ್ಲು ಬೀಸುವವರೂ ಇದ್ದಾರೆ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಮಿಕ್ಕಿ ಅಗಲ ಕಾಣುತ್ತದೆ ನಿಜ, ಆದರೆ ತೂಕ ಹೆಚ್ಚೆಂದರೆ 450 ಗ್ರಾಂ, ಗಂಡಾದರೆ ಅದಕ್ಕೂ ಬಹಳ ಕಡಿಮೆ. ಬೆಳೆದ ಕೋಳಿಯನ್ನು ಎತ್ತುವ ಶಕ್ತಿ ಇದಕ್ಕಿಲ್ಲ. ಚಳಿಗಾಲದಲ್ಲಿ ಇಲ್ಲಿ ಇದರ ಮುಖ್ಯ ಊಟ ಮಿಡತೆ. ನಡುನಡುವೆ ಇಲಿ, ಓತಿಕ್ಯಾತ, ಸಣ್ಣ ಹಕ್ಕಿ.

ಸೆಪ್ಟೆಂಬರ್ ಕೊನೆಯಿಂದ ಬರತೊಡಗಿ ಮಾರ್ಚ್–ಏಪ್ರಿಲ್‌ನಲ್ಲಿ ಹೊರಡುತ್ತವೆ. ಕಜಾಕಿಸ್ತಾನ ಮತ್ತು ಅದರಾಚೆಯ ಹುಲ್ಲುಬಯಲುಗಳಲ್ಲಿ ನೆಲದ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ಉತ್ತರ ಕಜಾಕಿಸ್ತಾನದಿಂದ ಇಲ್ಲಿಗೆ ನೇರ ಗೆರೆ ಎಳೆದರೇ ಮೂರೂವರೆ ಸಾವಿರ ಕಿಲೋಮೀಟರ್ ದಾಟುತ್ತದೆ.

ಜೋಳದ ಹೊಲ ಇವುಗಳಿಗೆ ಹಗಲಿನ ಅಡುಗೆಮನೆ ಮಾತ್ರ. ರಾತ್ರಿಗೆ ಬೇಕಾದದ್ದು ಮಡ್ಡಿ, ಅಂದರೆ ಉಳುಮೆಯಾಗದ ಹುಲ್ಲುನೆಲ. ಸೆಳೆವ ಗಿಡದ ಮೇಲೆ ಮಲಗುವ ಹಕ್ಕಿಯಲ್ಲ. ಮೊಣಕಾಲೆತ್ತರದ ಹುಲ್ಲಿನ ನಡುವೆ ನೆಲದ ಮೇಲೆ, ಗುಂಪಾಗಿ ತಂಗುತ್ತದೆ. ಗುಜರಾತಿನ ವೇಳಾವದರ ಹುಲ್ಲುಗಾವಲು ಇಂಥ ತಂಗುದಾಣಕ್ಕೆ ಜಗತ್ತಿನಲ್ಲೇ ಹೆಸರುವಾಸಿ. ನಮ್ಮ ಮಡ್ಡಿಗಳಲ್ಲಿರುವವು ಸಣ್ಣವು. ಇಂದಿನ ಜಾಗದ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಕ್ಯಾಮೆರಾ ಹಿಡಿದು ನಾಲ್ಕು ಜೀಪು ಬಂದು ನಿಂತರೆ ಹಕ್ಕಿ ಜಾಗ ಬಿಡುತ್ತದೆ.

ಹೀಗೆ ತಂಗಲು ಬರುವ ಹಕ್ಕಿಗಳ ಎಣಿಕೆಗೆ ಇಬ್ಬರು ಬೇಕು. ಸೂರ್ಯ ಮುಳುಗುವುದಕ್ಕೆ ಒಂದೂವರೆ ತಾಸು ಮೊದಲೇ, ಅಂದರೆ ಈಗಿನ ದಿನಮಾನದಲ್ಲಿ ನಾಲ್ಕೂವರೆಯೊಳಗೆ, ಹುಲ್ಲಿನಿಂದ 200–300 ಮೀಟರ್ ದೂರದಲ್ಲಿ ಕೂತುಬಿಡಬೇಕು. ಒಬ್ಬರು ಪಶ್ಚಿಮದ ಅಂಚಿನಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂರಬೇಕು, ಬಣ್ಣ ಅವರಿಗೇ ತಿಳಿಯುವುದು. ಇನ್ನೊಬ್ಬರು ಪೂರ್ವದ ಅಂಚಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂರಬೇಕು. ಹೊತ್ತು ಮುಳುಗಿದ ಮೇಲೆ ಕೆಂಪು ಬಾನಿನೆದುರು ಹಕ್ಕಿಯ ಕಪ್ಪು ಆಕಾರ ಕಾಣುವುದು ಅವರಿಗೆ ಮಾತ್ರ. ಬಹುಪಾಲು ಹಕ್ಕಿ ಬಂದಿಳಿಯುವುದು ಆ ಕೊನೆಯ ಅರ್ಧ ತಾಸಿನಲ್ಲೇ. ನಡುವಿನ ಜಾಲಿಗಿಡ ಒಂದನ್ನು ಗಡಿ ಮಾಡಿಕೊಂಡು, ಉತ್ತರದ ಭಾಗ ಒಬ್ಬರ ಲೆಕ್ಕಕ್ಕೆ, ದಕ್ಷಿಣದ ಭಾಗ ಮತ್ತೊಬ್ಬರ ಲೆಕ್ಕಕ್ಕೆ.

ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ಇಳಿದ ಹಕ್ಕಿ ಇಳಿದಲ್ಲೇ ಇರುವುದಿಲ್ಲ. ನಾಯಿ ಬಂದರೆ, ಇನ್ನೊಂದು ಹಕ್ಕಿ ತೀರ ಹತ್ತಿರ ಇಳಿದರೆ, ಕೆಲವೊಮ್ಮೆ ಯಾವ ಕಾರಣವೂ ಕಾಣದೆ, ಎದ್ದು ಸುತ್ತು ಹೊಡೆದು ಬೇರೆ ಕಡೆ ಇಳಿಯುತ್ತದೆ. ಇಳಿದದ್ದನ್ನಷ್ಟೇ ಕೂಡಿಸುತ್ತ ಹೋದರೆ ಒಂದೇ ಹಕ್ಕಿ ಮೂರಾಗುತ್ತದೆ. ಐದೈದು ನಿಮಿಷಕ್ಕೊಂದು ಸಾಲು ಹಾಕಿ, ಇಳಿದದ್ದನ್ನು ಕೂಡಿ, ಎದ್ದದ್ದನ್ನು ಕಳೆಯಬೇಕು. ಇಂದು ಹುಣ್ಣಿಮೆಯಾದ್ದರಿಂದ ಬೆಳಕು ಬೇಗ ಆರಲಿಲ್ಲ, ತಡವಾಗಿ ಬಂದವೂ ಲೆಕ್ಕಕ್ಕೆ ಸಿಕ್ಕವು. ಅಮಾವಾಸ್ಯೆ ಹತ್ತಿರದ ಎಣಿಕೆಯ ಜೊತೆ ಇದನ್ನು ಹೋಲಿಸುವಾಗ ಈ ವ್ಯತ್ಯಾಸ ನೆನಪಿರಬೇಕು.

ಗುರುತಿಸಲು ಸುಲಭವಾದದ್ದು ಗಂಡು. ಮಾಂಟೆಗು ಗಂಡು ಬೂದಿ ಬಣ್ಣ, ರೆಕ್ಕೆಯ ತುದಿ ಕಪ್ಪು, ರೆಕ್ಕೆಯ ಮೇಲ್ಮೈಯಲ್ಲಿ ಅಡ್ಡಕ್ಕೊಂದು ಕಪ್ಪು ಗೆರೆ. ಅದೇ ಹುಲ್ಲಿನಲ್ಲಿ ತಂಗುವ ಪ್ಯಾಲಿಡ್ ಸೆಳೆವದ ಗಂಡು ಇನ್ನೂ ಬಿಳಿ. ಆ ಗೆರೆ ಇಲ್ಲ, ರೆಕ್ಕೆಯ ತುದಿಯಲ್ಲಿ ಕಪ್ಪು ಬೆಣೆ ಹೊಡೆದಂತಿರುತ್ತದೆ. ಹೆಣ್ಣು ಮತ್ತು ಮರಿಗಳು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಕಿವಿಯ ಹಿಂದೆ ತಿಳಿ ಬಣ್ಣದ ಕೊರಳಪಟ್ಟಿ ಸ್ಪಷ್ಟವಾಗಿದ್ದರೆ ಪ್ಯಾಲಿಡ್. ಮಬ್ಬಿನಲ್ಲಿ ಕೊರಳು ಕಾಣದಿದ್ದರೆ ‘ಕಂದು, ಜಾತಿ ತಿಳಿಯದು’ ಎಂದೇ ಬರೆಯಬೇಕು. ಊಹಿಸಿ ತುಂಬಿದ ಪಟ್ಟಿಗಿಂತ ಖಾಲಿ ಬಿಟ್ಟ ಪಟ್ಟಿ ಮೇಲು.

ಇವು ಏನು ತಿಂದವು ಎಂಬುದನ್ನು ಹೇಳುವುದು ಪೆಲೆಟ್, ಜೀರ್ಣವಾಗದ್ದನ್ನು ಹಕ್ಕಿ ಬಾಯಿಂದ ಹೊರಹಾಕುವ ಉಂಡೆ. ಬೆಳಿಗ್ಗೆ ಎಲ್ಲ ಹಾರಿಹೋದ ಮೇಲೆ, ಹದಿನೈದು ದಿನಕ್ಕೊಮ್ಮೆಗಿಂತ ಹೆಚ್ಚಿಲ್ಲದಂತೆ, ಹುಲ್ಲಿನೊಳಗೆ ಹೋಗಿ ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಇಬ್ಬನಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಒಂದೊಂದಕ್ಕೂ ಬೇರೆ ಕಾಗದದ ಲಕೋಟೆ, ಮೇಲೆ ತಾರೀಖು. ತಡ ಮಾಡಿದರೆ ಗೆದ್ದಲು ಮುಗಿಸಿಬಿಡುತ್ತದೆ.

ಇಂದು ಬೆಳಿಗ್ಗೆ ಸಿಕ್ಕ ಒಂದು ಉಂಡೆ ಮೂರು ಸೆಂಟಿಮೀಟರ್ ಉದ್ದವಿತ್ತು, ಬೆರಳಲ್ಲಿ ಒತ್ತಿದರೆ ಹೊಟ್ಟಿನಂತೆ ಉದುರುವಷ್ಟು ಹಗುರ. ಬಿಳಿ ತಟ್ಟೆಯಲ್ಲಿ ಬೆಚ್ಚನೆ ನೀರು ಹಾಕಿ ನೆನೆಸಿ, ಚಿಮಟದಿಂದ ಬಿಡಿಸಿ, ಹತ್ತು ಪಟ್ಟಿನ ಮಸೂರದಲ್ಲಿ ನೋಡಿದರೆ ಪೂರ್ತಿ ಹೊಂಗಂದು ಚೂರುಗಳು. ಮಿಡತೆಯ ಹಿಂಗಾಲ ತೊಡೆ ಎದ್ದು ಕಾಣುತ್ತದೆ: ನಡುವಿನ ದಿಂಡಿನಿಂದ ಎರಡೂ ಕಡೆ ಓರೆಗೆರೆಗಳು, ಮೀನಿನ ಮುಳ್ಳಿನ ಹಾಗೆ. ಕಾಲಿನ ಮೇಲೆ ಗರಗಸದಂಥ ಮುಳ್ಳು. ಆದರೆ ತೊಡೆ ಹೊಟ್ಟೆಯೊಳಗೇ ಮುರಿದಿರುವುದುಂಟು, ಹಾಗಾಗಿ ಎಷ್ಟು ಮಿಡತೆ ಎಂದು ಎಣಿಸಲು ದವಡೆ ಹೆಚ್ಚು ನಂಬಿಕೆಯದು. ಗಟ್ಟಿ, ಕಪ್ಪು, ಎಡದ್ದಕ್ಕೂ ಬಲದ್ದಕ್ಕೂ ಆಕಾರ ಬೇರೆ. ಎಡ, ಬಲ ಬೇರೆಬೇರೆ ಗುಂಪು ಮಾಡಿ, ಯಾವುದು ಹೆಚ್ಚೋ ಅದೇ ಮಿಡತೆಗಳ ಕನಿಷ್ಠ ಸಂಖ್ಯೆ.

ಮೆತ್ತನೆ ಹುಳುಗಳ ಗುರುತು ಇದರಲ್ಲಿ ಉಳಿಯುವುದು ಕಷ್ಟ. ಕಡಲೆಯ ಕಾಯಿಕೊರಕ ಹುಳುವನ್ನು ತಿಂದಿದ್ದರೂ ತಲೆಯ ಚಿಪ್ಪು ಬಿಟ್ಟರೆ ಬೇರೇನೂ ಸಿಗದು. ಹೀಗಾಗಿ ಪೆಲೆಟ್ ಒಂದನ್ನೇ ನಂಬಿ ‘ಇದು ಹುಳು ತಿನ್ನುವುದಿಲ್ಲ’ ಎನ್ನಲು ಬರುವುದಿಲ್ಲ.

ಕಡಲೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಕಾಲ ಇದು. ಬದುವಿನ ಹುಲ್ಲಿಗೂ ಸೇರಿಸಿ ಹೊಡೆದರೆ ಮಿಡತೆಯೂ ಹೋಗುತ್ತದೆ; ಬದು ಬಿಟ್ಟು ಬೆಳೆಗಷ್ಟೇ ಹೊಡೆದರೆ ಒಂದಿಷ್ಟಾದರೂ ಉಳಿಯುತ್ತದೆ. ಆದರೂ ಹೆಚ್ಚು ಹೆದರಿಕೆ ಮಡ್ಡಿಯದ್ದೇ. ಮಿಡತೆ ಕಡಿಮೆಯಾದರೆ ಹಕ್ಕಿ ಹತ್ತು ಹೊಲ ಆಚೆ ಹೋಗಿ ತಿಂದೀತು, ಮಲಗುವ ಹುಲ್ಲು ಹೋದರೆ ಸುತ್ತಲಿನ ಹೊಲಗಳನ್ನೂ ಬಿಡುತ್ತದೆ. ಕುರಿ ಮೇಯಿಸುವುದರಿಂದ ತೊಂದರೆಯಿಲ್ಲ, ಹದವಾಗಿ ಮೇದರೆ ಹುಲ್ಲು ಬೇಕಾದ ಎತ್ತರದಲ್ಲೇ ನಿಲ್ಲುತ್ತದೆ. ಹಾಳು ಮಾಡುವುದು ಗರಸು ತೋಡುವುದು, ಬಳ್ಳಾರಿ ಜಾಲಿ ಹಬ್ಬುವುದು, ‘ಬರಡು ಭೂಮಿ’ ಎಂದು ಸಾಲಾಗಿ ಗಿಡ ನೆಡುವುದು, ಹಕ್ಕಿ ಹೊರಡುವ ಮೊದಲೇ ಹುಲ್ಲಿಗೆ ಬೆಂಕಿ ಇಡುವುದು. ಬೆಂಕಿಯನ್ನಾದರೂ ಏಪ್ರಿಲ್ ಮುಗಿಯುವವರೆಗೆ ತಡೆದರೆ ಈ ವರ್ಷದ ಹಕ್ಕಿಗಳಿಗೆ ಸಾಕು.

ಎಳ್ಳ ಅಮಾವಾಸ್ಯೆ ಇದೇ 30ಕ್ಕೆ. ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲಲು ಜನ, ಗಾಡಿ ಎಲ್ಲ ಹೊಲಕ್ಕೆ ಬರುತ್ತವೆ, ಆ ಸಂಜೆ ಹಕ್ಕಿ ತಡವಾಗಿ ಇಳಿಯಬಹುದು. ಮುಂದಿನ ಎಣಿಕೆಯನ್ನು ಅದಕ್ಕಾಗಿ ಜನವರಿ ಮೊದಲ ವಾರಕ್ಕೆ ಇಟ್ಟಿದೆ. ಪೂರ್ವದ ಅಂಚಿನಲ್ಲಿ ಕೂರುವವರು ಕಂಬಳಿ ತರಬೇಕು, ಏಳು ಗಂಟೆಗೆಲ್ಲ ಇಬ್ಬನಿ ಬೀಳುತ್ತದೆ.