ಈಮ್ ಊರಿನ ಗಡಿಕಲ್ಲು

ಶೆಫೀಲ್ಡಿನಲ್ಲಿ ತಮ್ಮನ ಮನೆಯಲ್ಲಿ ಹನ್ನೆರಡು ದಿನ ಇದ್ದೆ. ಅದರಲ್ಲಿ ಹತ್ತು ದಿನದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಜಿಟಿಜಿಟಿ ಮಳೆ, ಟ್ರಾಮ್, ತಮ್ಮನ ಮಕ್ಕಳ ಸ್ಕೂಲು, ಅಂಗಡಿ.

ಮೊದಲ ಶನಿವಾರ ತಮ್ಮ ಚಾಟ್ಸ್‌ವರ್ತ್‌ಗೆ ಕರೆದುಕೊಂಡು ಹೋದ. ಡೆವನ್‌ಶೈರ್ ಡ್ಯೂಕ್‌ಗಳ ಅರಮನೆ. ಟಿಕೆಟ್ ದುಡ್ಡನ್ನು ರೂಪಾಯಿಗೆ ಲೆಕ್ಕ ಹಾಕಬೇಡ ಅಕ್ಕ ಅಂತ ಅವನು ಮೊದಲೇ ಹೇಳಿದ್ದ. ಹಾಕಿದೆ, ಹೊಟ್ಟೆ ಉರಿಯಿತು. ಮೈಸೂರು ಅರಮನೆ ನೋಡಿದ ಕಣ್ಣಿಗೆ ಒಳಗಿನ ವೈಭವ ಅಂಥದ್ದೇನೂ ಅನ್ನಿಸಲಿಲ್ಲ. ನನಗೆ ಖುಷಿ ಕೊಟ್ಟಿದ್ದು ಬಾಳೆಹಣ್ಣಿನ ಕಥೆ. 1830ರ ದಶಕದಲ್ಲಿ ಇಲ್ಲಿನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಯಲ್ಲಿ ಒಂದು ಬಾಳೆ ಬೆಳೆಸಿ, ಅದಕ್ಕೆ ಧಣಿಯ ಮನೆತನದ ಹೆಸರು ಇಟ್ಟನಂತೆ, ಕ್ಯಾವೆಂಡಿಷ್ ಅಂತ. ನಮ್ಮ ಕಡೆ ಪಚ್ಚಬಾಳೆ ಅಂತ ಮಾರುವುದು, ರೈತರು ಜಿ-ನೈನ್ ಅಂತ ಹಾಕುವುದು ಎಲ್ಲ ಅದೇ ಬಳಗ. ಇಷ್ಟು ದೊಡ್ಡ ಅರಮನೆಯವರು ಏಲಕ್ಕಿ ಬಾಳೆ ತಿಂದಿರಲಿಲ್ಲ, ಪಾಪ.

ಬರುವಾಗ ಬೇಕ್‌ವೆಲ್ ಪೇಟೆಯಲ್ಲಿ ಅಲ್ಲಿನ ಹೆಸರಾಂತ ಪುಡ್ಡಿಂಗ್ ತಿಂದೆವು. ಬಾದಾಮಿ ಘಮ ಚೆನ್ನಾಗಿತ್ತು. ಸಿಹಿ ಜಾಸ್ತಿ, ಮೇಲೆ ಮೊಟ್ಟೆ ವಾಸನೆ. ಅಲ್ಲಿಗೆ ಆ ದಿನ ಮುಗಿಯಿತು.

ಈಮ್‌ಗೆ ಹೋಗಿದ್ದು ನಾನೊಬ್ಬಳೇ. ಶೆಫೀಲ್ಡಿನಿಂದ ಸುಮಾರು 20 ಕಿಲೋಮೀಟರ್, ಬಸ್ಸಿದೆ. ಗುಡ್ಡದ ಮೈಯಲ್ಲಿ ಕಲ್ಲಿನ ಮನೆಗಳು, ಕಿಟಕಿಯಲ್ಲಿ ಹೂಕುಂಡ. ಕ್ಯಾಲೆಂಡರಿಗೆ ಹಾಕುವಂಥ ಊರು. ಆದರೆ ಚರ್ಚಿನ ಪಕ್ಕದ ಮನೆಗಳ ಮುಂದೆ ಒಂದೊಂದು ಫಲಕ ಇದೆ. ಆ ಮನೆಯಲ್ಲಿ ಯಾರ್ಯಾರು ಸತ್ತರು ಅನ್ನುವ ಪಟ್ಟಿ.

1665ರಲ್ಲಿ ಈ ಊರಿನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ಲಂಡನ್ನಿನಲ್ಲಿ ಆಗ ಪ್ಲೇಗು. ಬಟ್ಟೆ ಒದ್ದೆಯಾಗಿತ್ತು ಅಂತ ಕೆಲಸದವನು ಜಾರ್ಜ್ ವಿಕರ್ಸ್ ಬೆಂಕಿ ಹತ್ತಿರ ಹರವಿ ಒಣಗಿಸಿದನಂತೆ. ಅದರಲ್ಲಿ ಚಿಗಟ ಇದ್ದವು ಅಂತ ಕಥೆ. ಸೆಪ್ಟೆಂಬರ್ 7ಕ್ಕೆ ಅವನು ಹೋದ. ಎರಡು ವಾರಕ್ಕೆ ಅದೇ ಮನೆಯ ನಾಲ್ಕು ವರ್ಷದ ಹುಡುಗ ಎಡ್ವರ್ಡ್ ಕೂಪರ್. ಆ ಮನೆಯಲ್ಲಿ ಉಳಿದವಳು ಹುಡುಗನ ತಾಯಿ ಮೇರಿ ಒಬ್ಬಳೇ. ನಂಟರಿಷ್ಟರು ಸೇರಿ 13 ಜನರನ್ನು ಕಳೆದುಕೊಂಡಳು ಅಂತ ಫಲಕದಲ್ಲಿದೆ.

ಮುಂದಿನ ಬೇಸಿಗೆಯಲ್ಲಿ, 1666ರ ಜೂನ್‌ನಲ್ಲಿ, ಪಾದ್ರಿ ವಿಲಿಯಂ ಮಾಂಪೆಸನ್ ಊರವರನ್ನು ಒಪ್ಪಿಸಿದರು. ಊರಿಂದ ಯಾರೂ ಹೊರಗೆ ಹೋಗಬಾರದು, ರೋಗ ಪಕ್ಕದ ಊರುಗಳಿಗೆ ದಾಟಬಾರದು. ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಬೆನ್ನಿಗೆ ನಿಂತರು. ಪ್ರಾರ್ಥನೆ ಬಯಲಿಗೆ ಬಂತು. ಅವರವರ ಮನೆಯ ಹೆಣ ಅವರವರೇ ಹೂಳಬೇಕು. ಸುಮಾರು 260 ಜನ ಸತ್ತರು. ಒಟ್ಟು ಜನ ಎಷ್ಟಿದ್ದರು ಅನ್ನುವುದರಲ್ಲಿ ಜಗಳ ಇದೆ, 350 ಅಂತ ಕೆಲವರು, 800 ಅಂತ ಕೆಲವರು.

ಊರಾಚೆ ರೈಲಿ ಸಮಾಧಿಗಳಿವೆ. ಹೊಲದ ನಡುವೆ ಗುಂಡಗೆ ಕಟ್ಟಿದ ಕಲ್ಲಿನ ಪೌಳಿ, ಒಳಗೆ ಗಂಡನದೂ ಆರು ಮಕ್ಕಳದೂ ಕಲ್ಲು. ಆಗಸ್ಟ್ ತಿಂಗಳ ಎಂಟು ದಿನದಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಅನ್ನುವ ಹೆಂಗಸು ಏಳೂ ಜನರನ್ನು ತಾನೇ ಎಳೆದು ತಂದು ಹೂತಳು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪೌಳಿಯ ಹೊರಗೆ ಕುರಿಗಳು ಹುಲ್ಲು ಕರಕರ ಕಡಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಇಷ್ಟಕ್ಕೇ ವಾಪಸ್ ಬಂದುಬಿಡುತ್ತಿದ್ದೆ. ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ಮೊದಲೇ ಹೋಗಿ ನಿಂತೆ. ಬಸ್ಸು ಬಂತು. ಡ್ರೈವರ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ, ಬಸ್ಸು ಹೊರಟೇ ಹೋಯಿತು! ಅಲ್ಲಿ ಕೈ ಅಡ್ಡ ಹಿಡಿಯದಿದ್ದರೆ ಬಸ್ಸು ನಿಲ್ಲಿಸುವುದಿಲ್ಲವಂತೆ. ಊರಲ್ಲಿ ಕೈಬೀಸಿ ಬಸ್ಸು ನಿಲ್ಲಿಸಿಕೊಂಡೇ ಬೆಳೆದವಳು ನಾನು. ಇಂಗ್ಲೆಂಡಿನಲ್ಲಿ ಹಾಗೆಲ್ಲ ಮಾಡಿದರೆ ಚೆನ್ನಾಗಿರುವುದಿಲ್ಲ ಅಂತ ಕೈಕಟ್ಟಿ ನಿಂತಿದ್ದೆ. ಹೋಗುವವರು ನೆನಪಿಡಿ, ಸ್ಟಾಪಿನಲ್ಲೇ ನಿಂತಿದ್ದರೂ ಕೈ ಚಾಚಿ. ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮುಂದಿನ ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು. ಹಾಗಾಗಿ ಗಡಿಕಲ್ಲು ನೋಡಲು ನಡೆದೆ. ಲಿಡ್‌ಗೇಟ್ ಅನ್ನುವ ಓಣಿ ಹಿಡಿದು ಹೋದರೆ ಹೊಲದ ಕಾಲುದಾರಿ. ಈಮ್‌ಗೂ ಕೆಳಗಿನ ಸ್ಟೋನಿ ಮಿಡಲ್‌ಟನ್ ಊರಿಗೂ ನಡುವೆ, ಹುಲ್ಲಿನಲ್ಲಿ ಕೂತ ಒಂದು ಒರಟು ಬಂಡೆ. ಮೇಲೆ ಆರು ತೂತು. ಊರೊಳಗಿನವರು ತೂತಿಗೆ ವಿನೆಗರ್ ಸುರಿದು ಅದರೊಳಗೆ ಕಾಸು ಹಾಕಿ ಹೋಗುತ್ತಿದ್ದರು. ಹುಳಿಯಲ್ಲಿ ರೋಗ ಸಾಯುತ್ತದೆ ಅಂತ ನಂಬಿಕೆ. ಕೆಳಗಿನ ಊರಿನವರು ಕಾಸು ಎತ್ತಿಕೊಂಡು ರೊಟ್ಟಿ, ಔಷಧಿ ಇಟ್ಟು ಹೋಗುತ್ತಿದ್ದರು. ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡುವ ಹಾಗಿಲ್ಲ. ತೂತಿನ ಅಂಚು ಸವೆದು ನುಣುಪಾಗಿದೆ, ನನ್ನ ಬೆರಳು ಸಲೀಸಾಗಿ ಇಳಿಯಿತು. ತಳದಲ್ಲಿ ಮಳೆನೀರು, ಯಾರೋ ಹಾಕಿದ್ದ ಎರಡು ಪೆನ್ನಿ.

ನಾಯಿ ಹಿಡಿದುಕೊಂಡು ಒಬ್ಬ ಹಿರಿಯರು ಕೆಳಗಿನಿಂದ ಹತ್ತಿ ಬಂದರು. ಸ್ಟೋನಿ ಮಿಡಲ್‌ಟನ್ನಿನವರು.

"ಆ ಕಡೆಯಿಂದ ಬಂದ್ರಾ? ಎಲ್ಲರೂ ಆ ಕಡೆಯಿಂದಲೇ ಬರೋದು" ಅಂದರು. "ಅವರನ್ನ ಎಲ್ಲರೂ ಹೊಗಳ್ತಾರೆ. ರೊಟ್ಟಿ ತಂದಿಟ್ಟವರ ಹೆಸರು ಯಾರಿಗೂ ಬೇಡ."

ನಗುತ್ತಲೇ ಹೇಳಿದರು, ಆದರೆ ಪೂರ್ತಿ ತಮಾಷೆ ಅಲ್ಲ. ಪಾದ್ರಿ ದೊಡ್ಡ ಮನುಷ್ಯ ಅಲ್ವಾ ಅಂದೆ. "ತನ್ನ ಇಬ್ಬರು ಮಕ್ಕಳನ್ನ ಮೊದಲೇ ಹೊರಗೆ ಕಳಿಸಿದ್ದ. ಹೆಂಡತಿ ಕ್ಯಾಥರೀನ್ ಮಾತ್ರ ಹೋಗಲ್ಲ ಅಂತ ಉಳಿದಳು, ಆಗಸ್ಟ್‌ನಲ್ಲಿ ಸತ್ತಳು. ನಾನಾಗಿದ್ದರೂ ಮಕ್ಕಳನ್ನ ಕಳಿಸ್ತಿದ್ದೆ ಬಿಡಿ."

ನಾನು ನಮ್ಮಜ್ಜಿಯ ವಿಷಯ ತೆಗೆದೆ. ಮಂಡ್ಯ ಕಡೆಯ ಹಳ್ಳಿ. ಅಜ್ಜಿ ಚಿಕ್ಕವಳಿದ್ದಾಗ ಅಲ್ಲೂ ಪ್ಲೇಗು ಬಂದಿತ್ತು. 1898ರಲ್ಲಿ ಬೆಂಗಳೂರಿಗೆ ಬಂದ ಮಾರಿ ಎಷ್ಟೋ ವರ್ಷ ನಮ್ಮ ಊರುಗಳನ್ನು ಬಿಟ್ಟಿರಲಿಲ್ಲ. ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದೂ ಆ ಕಾಲಕ್ಕೇ, ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. "ನಮ್ಮಲ್ಲಿ ಇಲಿ ಬಿದ್ದರೆ ಊರು ಬಿಟ್ಟುಬಿಡ್ತಿದ್ದರು" ಅಂದೆ.

"ಇಲಿ ಬೀಳೋದು ಅಂದ್ರೆ?"

"ಅಟ್ಟದಿಂದ ಸತ್ತು ಬೀಳೋದು. ಒಂದು ಬಿದ್ದರೆ ಸಾಕು, ಪಾತ್ರೆ, ಹಾಸಿಗೆ, ದನ ಎಲ್ಲ ಹೊಡ್ಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕ್ತಿದ್ದರು."

"ಬೇರೆ ಊರಿಗಲ್ಲ?"

"ಸೇರಿಸಿಕೊಳ್ಳೋರು ಯಾರು? ಅವರವರ ಹೊಲಕ್ಕೇ."

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನಾಯಿ ಹಗ್ಗ ಜಗ್ಗುತ್ತಿತ್ತು.

"ಹೊರಗೂ ಹೋಗಲಿಲ್ಲ, ಮನೆಯಲ್ಲೂ ಇರಲಿಲ್ಲ. ಇಲ್ಲಿ ಪ್ರಾರ್ಥನೆಗೆ ಮಾತ್ರ ಬಯಲಿಗೆ ಹೋಗ್ತಿದ್ದರು. ಸಂಜೆ ಮತ್ತೆ ಅದೇ ಮನೆ, ಅದೇ ಇಲಿ. ನಿಮ್ಮಜ್ಜಿ ಮನೆಯವರಿಗೆ ಇಲಿ ವಿಷಯ ಯಾರು ಹೇಳಿದ್ದರು?"

ಯಾರೂ ಹೇಳಬೇಕಿರಲಿಲ್ಲ, ಕಣ್ಣಮುಂದೆ ಬೀಳುತ್ತಿತ್ತಲ್ಲ ಅಂದೆ. ಹಾಗೆ ಊರೊಳಗೇ ಉಳಿದಿದ್ದಕ್ಕೇ ಈಮ್‌ನಲ್ಲಿ ಸಾವು ಹೆಚ್ಚಾಯಿತು ಅನ್ನುವವರು ಪಂಡಿತರಲ್ಲೂ ಇದ್ದಾರಂತೆ. ಅವರು ಅದನ್ನೇ ಹೇಳಿದರು. ಆದರೆ ಕೆಳಗಿನ ಊರುಗಳು ಉಳಿದವಲ್ಲ ಅಂತ ತಾವೇ ಸೇರಿಸಿದರು.

"ಎಷ್ಟು ದಿನ ಹೊಲದಲ್ಲಿದ್ದರು?"

ನನಗೆ ಗೊತ್ತಿರಲಿಲ್ಲ. ಅಜ್ಜಿ ಹೇಳುವಾಗ ನಾನು ಅರ್ಧ ಕೇಳಿಸಿಕೊಂಡವಳು. ಅವರು ತಲೆಯಾಡಿಸಿ, ನಾಯಿಯ ಜೊತೆ ಕೆಳಗೆ ಇಳಿದು ಹೋದರು. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ನಾನು ಕೈ ಚಾಚಿದ್ದೆ.

ಮನೆ ಮುಟ್ಟಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತು ಗಂಟೆ.

"ಮೂರು ತಿಂಗಳು ಅಂತ ಹೇಳ್ತಿದ್ಲು. ರಾಗಿ ಒಕ್ಕಣೆ ಮುಗಿಯೋವರೆಗೂ. ನಿಮ್ಮ ದೊಡ್ಡಜ್ಜಿ ಆ ಗುಡಿಸಲಲ್ಲೇ ಒಂದು ಹೆತ್ತಳು ಗೊತ್ತಾ?"

"ಯಾವ ಹೊಲ ಅಮ್ಮ?"

"ಕೆರೆ ಏರಿ ಕೆಳಗೆ, ಹುಣಸೆಮರದ ಹತ್ತಿರ. ಈಗ ಅಲ್ಲಿ ಸೈಟ್ ಮಾಡಿದ್ದಾರೆ. ಯಾಕೆ, ಇದನ್ನ ಕೇಳೋಕೆ ಅಷ್ಟು ದೂರದಿಂದ ಫೋನ್ ಮಾಡಿದ್ಯಾ? ಊಟ ಆಯ್ತಾ?"