ಬರ್ನಾರ್ ದಿಯೊಮೆಡ್: ವಿಂಗರ್‌ನಿಂದ ಹುಡುಗರ ಕೋಚ್‌ವರೆಗೆ

1998ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ವಿರುದ್ಧ ಕೆಂಪು ಕಾರ್ಡ್ ಪಡೆದ ಫ್ರಾನ್ಸ್‌ನ ಜಿದಾನ್ ಮುಂದಿನ ಎರಡು ಪಂದ್ಯ ಆಡಲಿಲ್ಲ. ಆ ಪಂದ್ಯಕ್ಕೂ, ಆಮೇಲಿನ ಡೆನ್ಮಾರ್ಕ್, ಪರಾಗ್ವೆ ಪಂದ್ಯಗಳಿಗೂ ಎಡಗಡೆ ಶುರುವಿನಿಂದಲೇ ಇಳಿದವರು ಬರ್ನಾರ್ ದಿಯೊಮೆಡ್. ಜಿದಾನ್ ಮರಳಿದ ಮೇಲೆ ದಿಯೊಮೆಡ್‌ಗೆ ಆ ಕಪ್‌ನಲ್ಲಿ ಒಂದು ನಿಮಿಷವೂ ಸಿಗಲಿಲ್ಲ. ಆಟದಲ್ಲೇನೂ ಕೊರತೆ ಇರಲಿಲ್ಲ. ಇಟಲಿ ವಿರುದ್ಧದ ಕ್ವಾರ್ಟರ್ ಫೈನಲ್‌ಗೆ ಕೋಚ್ ಎಮೆ ಜಾಕೆ ದೆಶಾಂ, ಪೆಟಿ, ಕರಾಂಬೋ ಮೂವರನ್ನೂ ಮಧ್ಯದಲ್ಲಿ ನಿಲ್ಲಿಸಿ, ಮುಂದೆ ಜಿದಾನ್, ಜೊರ್ಕೆಫ್‌ರನ್ನು ಆಡಿಸಿದರು. ಮೈದಾನದ ಬದಿಯ ಗೆರೆಗೆ ಅಂಟಿಕೊಂಡು ಆಡುವ ವಿಂಗರ್‌ಗಳಿಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ದಿಯೊಮೆಡ್ ಬೆಳೆದ ಒಸೇರ್ ಕ್ಲಬ್‌ನಲ್ಲಿ ಕತೆ ತಿರುಗಾಮುರುಗಾ. ಕೋಚ್ ಗೀ ರೂ ಅವರ 4-3-3ರಲ್ಲಿ (ಹಿಂದೆ ನಾಲ್ವರು, ಮಧ್ಯೆ ಮೂವರು, ಮುಂದೆ ಮೂವರು) ಹಿಂದಿನವರು ಎದುರಾಳಿಯನ್ನು ಒಬ್ಬೊಬ್ಬರಾಗಿ ಹಿಡಿಯುತ್ತಿದ್ದರು. ಚೆಂಡು ಸಿಕ್ಕೊಡನೆ ಅದು ಬದಿಯ ವಿಂಗರ್‌ಗೆ ಹೋಗಬೇಕು. 1996ರಲ್ಲಿ ಆ ಪುಟ್ಟ ಊರಿನ ತಂಡ ಲೀಗ್, ಫ್ರೆಂಚ್ ಕಪ್ ಎರಡನ್ನೂ ಗೆದ್ದಿತು.

2000ರಲ್ಲಿ ಇಂಗ್ಲೆಂಡ್‌ನ ಲಿವರ್‌ಪೂಲ್ ಕ್ಲಬ್. ಸಂಡರ್‌ಲ್ಯಾಂಡ್ ವಿರುದ್ಧದ ಮೊದಲ ಪಂದ್ಯದಲ್ಲೇ ಅವರು ಹೊಡೆದ ಬೈಸಿಕಲ್ ಕಿಕ್ ಗೆರೆ ದಾಟಿದಂತಿತ್ತು, ಗೋಲ್ ಕೊಡಲಿಲ್ಲ. ಚೆಂಡು ಗೆರೆ ದಾಟಿತೇ ಎಂದು ಹೇಳುವ ಗೋಲ್ ಲೈನ್ ತಂತ್ರಜ್ಞಾನ ಅಲ್ಲಿನ ಪ್ರೀಮಿಯರ್ ಲೀಗ್‌ಗೆ ಬಂದದ್ದು 2013ರಲ್ಲಿ. ಲೀಗ್‌ನಲ್ಲಿ ಆಡಿದ್ದು ಎರಡೇ ಪಂದ್ಯ. ಕೋಚ್ ಉಲಿಯೆ ಅವರ 4-4-2ರಲ್ಲಿ ಎಡಗಡೆಯವನು ಹಿಂದೆ ಓಡಿ ಬದಿಯ ರಕ್ಷಣೆಗಾರ ಫುಲ್‌ಬ್ಯಾಕ್‌ಗೂ ನೆರವಾಗಬೇಕು. ಒಸೇರ್ ವಿಂಗರ್‌ಗೆ ಅದು ಬೇರೆಯದೇ ಕೆಲಸ. ಆಮೇಲೆ ಫ್ರಾನ್ಸ್‌ನ ಕ್ಲಬ್‌ಗಳಾದ ಅಜಾಕ್ಸಿಯೊ, ಕ್ರೆತೆಯ್, ಕ್ಲೆರ್‌ಮಾಂ.

2008ರಲ್ಲಿ ಪ್ಯಾರಿಸ್ ಪಕ್ಕದ ಇಸ್ಸಿ-ಲೆ-ಮೂಲಿನೋದಲ್ಲಿ ಓದನ್ನೂ ಫುಟ್‌ಬಾಲನ್ನೂ ಜೊತೆಗೆ ಕಲಿಸುವ ಅಕಾಡೆಮಿ ತೆರೆದರು. ನಂತರ ಫ್ರಾನ್ಸ್‌ನ ಕಿರಿಯರ ತಂಡಗಳ ಕೋಚ್ ಆದರು.

ಈ ಕೆಲಸದ ನಿಜವಾದ ಕಷ್ಟ ಹುಡುಗರನ್ನು ಒಟ್ಟುಗೂಡಿಸುವುದರಲ್ಲಿದೆ. 19 ವರ್ಷದೊಳಗಿನವರ ಯೂರೋ (ಯುರೋಪ್ ಚಾಂಪಿಯನ್‌ಶಿಪ್) ಮತ್ತು 20ರೊಳಗಿನವರ ವಿಶ್ವಕಪ್‌ಗೆ ಆಟಗಾರರನ್ನು ಬಿಟ್ಟುಕೊಡಲೇಬೇಕೆಂಬ ನಿಯಮ ಕ್ಲಬ್‌ಗಳಿಗಿಲ್ಲ. ಹಿರಿಯರ ತಂಡದಲ್ಲಿ ಆಗಲೇ ಆಡುತ್ತಿರುವ ಹುಡುಗನನ್ನು ಯಾವ ಕ್ಲಬ್ ಖುಷಿಯಿಂದ ಕಳಿಸೀತು? ಹಾಗಾಗಿ ಪೀಳಿಗೆಯ ಅತ್ಯುತ್ತಮರು ಬಾರದೆಯೂ ತಂಡ ಕಟ್ಟಬೇಕು. ಒಂದೇ ಜಾಗಕ್ಕೆ ಎರಡು ಮೂರು ಹೆಸರು ಮೊದಲೇ ಸಿದ್ಧವಿರಬೇಕು, ಪಾಠ ಕೆಲವೇ ದಿನಗಳ ಶಿಬಿರಕ್ಕೆ ಹೊಂದುವಷ್ಟು ಸರಳವಿರಬೇಕು.

ಇದನ್ನು ನೆನಪಿಟ್ಟುಕೊಂಡೇ ಈ ಕಿರಿಯರ ಕಪ್‌ಗಳಲ್ಲಿ ದಿಯೊಮೆಡ್ ಅವರ ಫಲಿತಾಂಶ ಅಳೆಯಬೇಕು. 2018ರ ಯೂರೋದಲ್ಲಿ ಸೆಮಿಫೈನಲ್. 2019ರ ವಿಶ್ವಕಪ್‌ನಲ್ಲಿ ಅಮೆರಿಕದ ವಿರುದ್ಧ 2-1ರಿಂದ ಮುಂದಿದ್ದೂ 3-2ರಿಂದ ಸೋಲು. 2024ರ ಯೂರೋ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 2-0ರಿಂದ ಸೋಲು. 2025ರಲ್ಲಿ ಚಿಲಿಯಲ್ಲಿ ನಡೆದ ವಿಶ್ವಕಪ್ ಸೆಮಿಫೈನಲನ್ನು ಮೊರಾಕ್ಕೊಗೆ ಬಿಟ್ಟುಕೊಟ್ಟದ್ದು ಪೆನಾಲ್ಟಿ ಶೂಟೌಟ್‌ನಲ್ಲಿ ಮಾತ್ರ.